ಸಾಫ್ ಉತ್ತರ ಕೇಳಿದ ಮಹಬೂಬಸಾಬರು

ಏನಾದರೂ ಕೇಳುವಾಗ ಮಹಬೂಬಸಾಬರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಉತ್ತರ ಸಿಗುವವರೆಗೆ ಮತ್ತೆ ಹಾಕಿಕೊಳ್ಳುತ್ತಿರಲಿಲ್ಲ. ಎದುರಿಗಿದ್ದವರು ತಡವರಿಸಿದರೆ, "ಗೋಲ್‌ಮಾಲ್ ಬ್ಯಾಡ, ಸಾಫ್ ಹೇಳ್ರಿ" ಎನ್ನುತ್ತಿದ್ದರು.

ಅತನೂರಿನವರು. ಜೇವರ್ಗಿಯ ನಮ್ಮ ಕಾಲೇಜಿನಲ್ಲಿ ಹೆಡ್ ಕ್ಲಾರ್ಕ್. ನಾನು ಅಲ್ಲಿ ಟೈಪಿಸ್ಟ್. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನನ್ನನ್ನು "ಶಾಂತವ್ವಾ" ಎಂದೇ ಕರೆಯುತ್ತಿದ್ದರು. ರಂಜಾನ್ ಬಂದರೆ ನನ್ನ ಪಾಲಿನ ಸುರಕುಂಬಾ ಪಾಯಸ ಡಬ್ಬಿಯಲ್ಲಿ ತಪ್ಪದೆ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಕಾಲೇಜಿಗೆ ಸರ್ವರ್ ಬಂತು, ಜೊತೆಗೆ ಐದು ಕಂಪ್ಯೂಟರು. ಸಾಫ್ಟ್‌ವೇರ್ ಮಾರಿದ ಕಂಪನಿಯವನು "ಐದು ಯೂಸರ್ ಲೈಸನ್ಸ್ ಅದರಿ" ಎಂದ. ಸಾಬರು ಕನ್ನಡಕ ತೆಗೆದರು.

"ಐದು ಅಂದ್ರ ಐದು ಮಷೀನೋ, ಐದು ಮಂದಿಯೋ? ಮುಂಜಾನಿ ಇಕಿ ಕುಂತು, ಸಂಜಿಗೆ ಇನ್ನೊಬ್ಬ ಅದರ ಮುಂದನ ಕುಂತ್ರ ಒಂದೋ, ಎರಡೋ?"

"ಟೆನ್ಶನ್ ತಗೋಬ್ಯಾಡ್ರಿ, ಎಲ್ಲಾ ಆಗ್ತದ."

"ಆಗ್ತದ ಅನ್ನೋದು ಉತ್ತರ ಅಲ್ರಿ. ಬರದು ಕೊಡ್ರಿ."

ಮೂರು ಪತ್ರ ಬರೆದರು. ಮೂರಕ್ಕೂ ಜಾಹೀರಾತಿನ ಬಣ್ಣದ ಪುಸ್ತಿಕೆಗಳು ಬಂದವು. ತಾವೇ ಗುಲಬರ್ಗಾಕ್ಕೆ ಹೋಗಿ ಕಂಪನಿಯ ಬಾಗಿಲಲ್ಲಿ ದಿನವಿಡೀ ಕುಳಿತು ಬಂದರು. "ಕುರ್ಚಿ ಕೊಟ್ರವ್ವಾ, ಉತ್ತರ ಕೊಡಲಿಲ್ಲ" ಎಂದು ನಕ್ಕರು. ಉತ್ತರ ಬರುವವರೆಗೆ ಸರ್ವರಿಗೆ ಆರನೆಯವರ ಹೆಸರು ಸೇರಿಸುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ಹೇಳಿಬಿಟ್ಟರು.

ಹೆಂಡತಿಯ ಆಪರೇಷನ್ನಿಗೆಂದು ಅವರು ರಜೆ ಹಾಕಿದಾಗ ಹೆಸರು ಸೇರಿಸಲು ಬೇಕಾದ ತಮ್ಮ ಪಾಸ್‌ವರ್ಡನ್ನು ನನಗೊಬ್ಬಳಿಗೇ ಹೇಳಿ ಹೋದರು. ಮರುದಿನವೇ ಪ್ರಿನ್ಸಿಪಾಲರು ನಮ್ಮದೇ ಸಂಜೆ ಕಾಲೇಜಿನ ಆರು ಜನ ಸಿಬ್ಬಂದಿಯ ಪಟ್ಟಿ ಕೊಟ್ಟು, "ಏರಿಸಿಬಿಡವ್ವಾ, ಕಾಯಂ ಆಗೋದದ ನಿಂದು" ಎಂದರು. ಏರಿಸಿದೆ.

ಪರೀಕ್ಷೆಯ ಅರ್ಜಿಗಳ ಕಾಲಕ್ಕೆ ಕಂಪನಿಯವರು ತಪಾಸಣೆಗೆ ಬಂದರು. ಐದರ ಬದಲು ಹನ್ನೊಂದು ಹೆಸರು. ಅಲ್ಲಿಯವರೆಗೆ ಸಾಫ್ ಮಾತಾಡದವರು ಅಂದು ಸಾಫಾಗಿ ನೋಟಿಸು ಕೊಟ್ಟರು. ಹೆಸರು ಏರಿದ್ದು ಸಾಬರ ಪಾಸ್‌ವರ್ಡಿನಿಂದ ಎಂದು ಸರ್ವರ್ ತೋರಿಸಿತು. ಆಡಳಿತ ಮಂಡಳಿ ಕರೆದು ಕೇಳಿದಾಗ ಸಾಬರು, "ಪಾಸ್‌ವರ್ಡ್ ನಂದು, ಜವಾಬ್ದಾರಿ ನಂದು" ಎಂದಷ್ಟೇ ಹೇಳಿದರು. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ನಡಾವಳಿ ಬರೆದುಕೊಳ್ಳುತ್ತ ತಲೆ ಎತ್ತಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ ಅವರು ಅಮಾನತಾದರು.

ನಾನು ಕಾಯಂ ಆದ ಮೇಲೆ ಒಂದು ಭಾನುವಾರ ಅಫಜಲಪುರದ ಬಸ್ಸು ಹಿಡಿದು ಅತನೂರಿಗೆ ಹೋದೆ. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದರು, ಸೊರಗಿ ಅರ್ಧದಷ್ಟಾಗಿದ್ದರು. ನನ್ನನ್ನು ಹತ್ತಿರ ಕೂಡಿಸಿಕೊಂಡು ಮೆಲ್ಲಗೆ ಕೇಳಿದರು: "ಶಾಂತವ್ವಾ, ಆ ಹೆಸರು ಯಾರು ಏರಿಸಿದ್ರು? ನಾ ಯಾರ ಮುಂದೂ ಹೇಳಂಗಿಲ್ಲ."

"ಹ್ಯಾಂಗೋ ಏನೋ ಆಗೇದ್ರಿ ಸಾಬ್ರ... ಈಗ್ಯಾಕ ಅದೆಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ ಕೇಳಲಿಲ್ಲ. "ಬಸ್ ತಪ್ತದ, ಹೊಂಡವ್ವಾ" ಎಂದರು.

ಮುಂದಿನ ವಾರ ಹೋಗಿ ಹೇಳಲೇಬೇಕೆಂದುಕೊಂಡೆ. ಬುಧವಾರವೇ ಸುದ್ದಿ ಬಂತು. ಗಂಡಸರು ಅವರನ್ನು ಹೊತ್ತು ಹೋದ ಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದು, "ನಿನ್ನ ಭಾಳ ಹಚ್ಕೊಂಡಿದ್ರವ್ವಾ. ಶಾಂತವ್ವ ಮತ್ತೊಮ್ಮಿ ಬರ್ತಾಳ ಅಂತ ದಾರಿ ನೋಡಾಕತ್ತಿದ್ರು" ಎಂದು ಅತ್ತರು.