ಚಿತ್ರದಲ್ಲಿ ಕಾಣದ ಗಂಟು

ಅಮೆರಿಕದ ನೋವೈ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಕೊರೆಯುವ ಚಳಿ. ಕಾರ್ಖಾನೆಯ ಸಿಂಕಿನ ಮುಂದೆ ಅಂಬುಜಾ ಬಿಸಿನೀರಿಗೆ ಹೆಬ್ಬೆರಳು ಒಡ್ಡಿ ನಿಂತಿದ್ದಾರೆ. ಕೀಲುನೋವು ಒಂದಿಷ್ಟು ಇಳಿದ ಮೇಲೆ ಕೈ ಒರೆಸಿಕೊಂಡು ಮೇಜಿಗೆ ಬರುತ್ತಾರೆ. ಅಲ್ಲಿ ತೆಳ್ಳನೆಯ ತಂತಿಗಳ ಕಂತೆ. ಅಂಗುಲಕ್ಕೊಂದರಂತೆ ಮೇಣದ ದಾರ ಸುತ್ತಿ ಗಂಟು ಹಾಕಬೇಕು. ಶನಿಗ್ರಹಕ್ಕೆ ಹೋಗುವ ನೌಕೆಯ ಕ್ಯಾಮೆರಾ ತಂತಿಗಳನ್ನು ಈ ಕಾರ್ಖಾನೆಯಲ್ಲಿ ಇವತ್ತಿಗೂ ಕೈಯಲ್ಲೇ ಕಟ್ಟುತ್ತಾರೆ.

ರಾಕೆಟ್ ಹಾರಿದ ದಿನ ಟೀವಿಯವರು ಕೋಟು ತೊಟ್ಟವರನ್ನೇ ತೋರಿಸುತ್ತಾರೆ. ತಂತಿ ಕಟ್ಟಿದವರು ಯಾರೆಂದು ಕೇಳುವ ಸೌಜನ್ಯ ಒಬ್ಬರಿಗೂ ಇಲ್ಲ.

ಮೇಣದ ದಾರ ಬೆರಳಿಗೆ ಸಿಕ್ಕಾಗಲೆಲ್ಲ ಅಂಬುಜಾಗೆ ಮೈಸೂರಿನ ಮನೆಯ ಒದ್ದೆ ಬಾಳೆನಾರಿನ ನೆನಪು. ಹಜಾರದಲ್ಲಿ ಕೂತು ಮಲ್ಲಿಗೆ ಕಟ್ಟುವುದನ್ನು ಕಲಿಸಿದವರು ಅಮ್ಮ. ಗಂಡನಿಗೆ ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಕೆಲಸವಾಗಿ ಇಲ್ಲಿಗೆ ಬಂದ ಮೇಲೆ, ಇಲ್ಲಿನ ಬಾಲಾಜಿ ಗುಡಿಯಲ್ಲಿ ಅಂಬುಜಾ ಹಾರ ಕಟ್ಟುವುದನ್ನು ನೋಡಿದ ಭಕ್ತರೊಬ್ಬರು ಈ ಕೆಲಸದ ಬಗ್ಗೆ ಹೇಳಿದರು.

"ಹೂವು ಕಟ್ಟೋ ಕೈ ಅಂತ ಸೇರಿಸ್ಕೊಂಡ್ರು. ಮೊದಲ್ನೇ ವಾರವೇ ಆ ಕೈ ನನ್ನ ಮಾನ ಕಳೀತು," ಎಂದು ನಗುತ್ತಾರೆ. ಹೂವಿನ ಗಂಟು ಒಂದು ಕಡೆ ಸಡಿಲಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಪ್ರತಿ ಗಂಟೂ ತನ್ನ ಪಾಡಿಗೆ ತಾನು ನಿಲ್ಲಬೇಕು. ಅಂದು ರೂಢಿಯಂತೆ ಹೂವಿನ ಗಂಟನ್ನೇ ಹಾಕಿದ್ದರಿಂದ ಇಡೀ ಕಂತೆ ಕತ್ತರಿಗೆ ಹೋಯಿತು. ಆಮೇಲೆ ಅವರು ಕಟ್ಟಿದ ಕಂತೆಯೊಂದು ಈಗ ಗುರುಗ್ರಹವನ್ನು ಸುತ್ತುತ್ತಿದೆ.

ಇವತ್ತಿನದು ಮಾದರಿ ಕಂತೆ. ಪಾಸಾದರೆ ಶನಿಗೆ ಹೋಗುವ ಕಂತೆಯೂ ಅವರಿಗೇ. ಇಲ್ಲವಾದರೆ, ಹೆಬ್ಬೆರಳು ಸೋತಿತೆಂದು ಪ್ಯಾಕಿಂಗ್ ವಿಭಾಗಕ್ಕೆ ವರ್ಗ. ತಪಾಸಣೆ ಮಾಡುವವಳು ಇಲ್ಲೇ ಹುಟ್ಟಿ ಬೆಳೆದ ಜಾನ್ವಿ.

"ರೆಡೀನಾ ಆಂಟಿ? ಟೇಕ್ ಯುವರ್ ಟೈಮ್."

"ನೀನು ತಲೆ ಮೇಲೆ ನಿಂತ್ರೆ ಇನ್ನೆಲ್ಲಿ ಟೈಮು? ಆಕಡೆ ಹೋಗೆ."

ಕೊನೆಯ ಗಂಟಿನಲ್ಲಿ ಹೆಬ್ಬೆರಳು ಹಿಡಿದುಕೊಳ್ಳುತ್ತದೆ. ನೋವು ತಪ್ಪಿಸಿಕೊಳ್ಳಲು ಬೆರಳುಗಳು ತಾವಾಗಿಯೇ ಅಮ್ಮ ಕಲಿಸಿದ ಸುತ್ತು ಸುತ್ತಿಬಿಡುತ್ತವೆ. ಮೇಲುನೋಟಕ್ಕೆ ವ್ಯತ್ಯಾಸವೇ ಇಲ್ಲ. ಅಂಬುಜಾ ಒಂದು ಕ್ಷಣ ಅದನ್ನೇ ನೋಡುತ್ತಾರೆ.

"ಕತ್ತರಿ ಕೊಡೆ. ಇದು ಮಲ್ಲಿಗೆ ಗಂಟು."

"ಬಟ್ ಇಟ್ ಲುಕ್ಸ್ ಫೈನ್!"

"ಬಾಲಾಜಿ ಕೊರಳಿಗೆ ಫೈನು. ಶನಿ ಹತ್ರ ನಡೆಯಲ್ಲ."

ಕತ್ತರಿಸಿ, ಹಲ್ಲು ಕಚ್ಚಿ ಮತ್ತೆ ಕಟ್ಟುತ್ತಾರೆ. ಜಾನ್ವಿ ಒಂದೊಂದೇ ಗಂಟನ್ನು ಕೊಕ್ಕೆಯಿಂದ ಜಗ್ಗಿ ನೋಡುತ್ತಾಳೆ. ಯಾವುದೂ ಕದಲುವುದಿಲ್ಲ. ಹಸಿರು ಚೀಟಿ ಅಂಟಿಸುತ್ತಾಳೆ. ಅಂಬುಜಾ ಮತ್ತೆ ಬಿಸಿನೀರಿನ ನಲ್ಲಿ ತಿರುಗಿಸುತ್ತಾರೆ.

ಶನಿಯ ಉಂಗುರಗಳ ಚಿತ್ರ ಬರುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿರುತ್ತದೆ. ಅದನ್ನು ಕಣ್ತುಂಬ ನೋಡಬೇಕು, ಅಷ್ಟೇ ಅವರ ಆಸೆ. ಅಷ್ಟು ಕಷ್ಟಪಟ್ಟು ಕಟ್ಟಿದ್ದು ಆ ಚಿತ್ರದಲ್ಲಿ ಕಾಣುವುದೇ ಇಲ್ಲವಲ್ಲ ಎಂದು ಯಾರಾದರೂ ಅಂದರೆ ರೇಗುತ್ತಾರೆ.

"ಕಾಣಬಾರದು ಕಣ್ರೀ! ಕಂಡ್ರೆ ಬಿಚ್ಕೊಂಡಿದೆ ಅಂತಲೇ ಅರ್ಥ."