ನಲ್ಲಿ ಬಿಟ್ಟು ಮಾತಾಡುತ್ತಿದ್ದ ಡಾಕ್ಟರಮ್ಮ

ಅವರ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು ನೆರಿಗೆಗಟ್ಟಿರುತ್ತಿದ್ದವು, ದಿನವೆಲ್ಲ ಬಟ್ಟೆ ಒಗೆದವರ ಬೆರಳುಗಳಂತೆ. ನಾಡಿ ನೋಡಲು ಕೈ ಹಿಡಿದರೆ ಮೊದಲು ಗೊತ್ತಾಗುತ್ತಿದ್ದದ್ದು ಆ ತಣ್ಣನೆಯ ತೇವ, ಆಮೇಲೆ ಕಾರ್ಬಾಲಿಕ್ ಸೋಪಿನ ವಾಸನೆ. ರಾಯಚೂರಿನ ಬೇಸಿಗೆಯಲ್ಲಿ ಬಸ್ಸಿಳಿದು ಬಂದವರಿಗೆ ಅಷ್ಟರಿಂದಲೇ ಅರ್ಧ ಜ್ವರ ಇಳಿದಂತಾಗುತ್ತಿತ್ತು.

ಊರಿಗೆಲ್ಲ ಅವರು ಡಾಕ್ಟರಮ್ಮ. ಕೃಷ್ಣೆಯ ಆಚೆ ದಡದ ತೆಲುಗು ಮನೆಯವರು. ಅವರ ಕನ್ನಡದಲ್ಲಿ ‘ಏಮಮ್ಮಾ’ ಮಾತ್ರ ತೆಲುಗಾಗಿಯೇ ಉಳಿದಿತ್ತು. ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ದವಾಖಾನೆ. ಗಾಳಿ ಬೀಸಿದರೆ ಹತ್ತಿಯ ಎಳೆಗಳು ಹಾರಿ ಬಂದು ಬೆಂಚಿನ ಮೇಲೆ ಕುಳಿತವರ ತಲೆಗೂದಲಿಗೆ ಅಂಟಿಕೊಳ್ಳುತ್ತಿದ್ದವು. ಒಳಕೋಣೆಯಲ್ಲಿ ಎತ್ತರದ ಡ್ರಮ್ಮಿಗೆ ಕೂಡಿಸಿದ ಒಂದು ನಲ್ಲಿ, ಅದರ ಕೆಳಗೆ ತಗಡಿನ ಬಕೆಟ್ಟು. ತುಂಬಿದ ಬಕೆಟ್ಟನ್ನು ಕಂಪೌಂಡರ್ ಒಯ್ದು ಬಾಗಿಲ ಮುಂದಿನ ಬೇವಿನ ಬುಡಕ್ಕೆ ಸುರಿಯುತ್ತಿದ್ದ. ಓಣಿಯಲ್ಲಿ ಬೇಸಿಗೆಗೂ ಹಸಿರಾಗಿದ್ದದ್ದು ಅದೊಂದೇ ಗಿಡ.

ಅವರ ಬಗ್ಗೆ ಊರಲ್ಲಿ ಎರಡು ಮಾತು ಚಾಲ್ತಿಯಲ್ಲಿದ್ದವು. ಡಾಕ್ಟರಮ್ಮನಿಗೆ ಕೈ ತೊಳೆಯುವ ಹುಚ್ಚು ಎಂಬುದು ಒಂದು. ಅವರಿಗೆ ಗೊತ್ತಿರುವುದು ಒಂದೇ ಔಷಧ ಎಂಬುದು ಇನ್ನೊಂದು. ಎರಡನೆಯದಕ್ಕೆ ಪುರಾವೆಯೂ ಇತ್ತು. ಯಾವ ಕಾಯಿಲೆಯ ಹೆಂಗಸು ಒಳಗೆ ಹೋದರೂ ಹೊರಗೆ ಬರುವಾಗ ಕೈಯಲ್ಲಿ ಅದೇ ಕೆಂಪು ಟಾನಿಕ್ಕಿನ ಬಾಟಲಿ. ‘ಹೊಟ್ಟಿನೋವಿಗೂ ಕೆಂಪಂದು, ತಲಿನೋವಿಗೂ ಕೆಂಪಂದು’ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೆ.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಅವರೊಮ್ಮೆ ನಮ್ಮ ಕಾಲೇಜಿಗೆ ಹುಡುಗಿಯರಿಗೆ ಆರೋಗ್ಯದ ಮಾತು ಹೇಳಲು ಬಂದಿದ್ದರು. ಬಾಗಿಲು ಹಾಕಿಸಿ, ಉಪನ್ಯಾಸಕಿಯನ್ನೂ ಹೊರಗೆ ಕಳಿಸಿ, ಕುರ್ಚಿಯ ಅಂಚಿನಲ್ಲಿ ಕುಳಿತು ಹೇಳಿದ್ದರು: “ಹೆದರಿಕಿ ಆದ ದಿನಾನ ಬರ್ರಿ. ತಿಂಗಳು ಕಾಯ್ಕೋತ ಕುಂತು, ಆಮ್ಯಾಲ ಅಳ್ಕೋತ ಬರಬ್ಯಾಡ್ರಿ. ಮೊದಲ ದಿನ ನನ್ನ ಕೈಯಾಗ ಭಾಳ ಇರ್ತದ, ಆಮ್ಯಾಲ ಸ್ವಲ್ಪ ಇರ್ತದ.” ಯಾವ ಹೆದರಿಕೆ ಎಂದು ಅವರು ಬಿಡಿಸಿ ಹೇಳಲಿಲ್ಲ. ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನಾನು ರಾಯಚೂರಿನಲ್ಲೇ ಸಸ್ಯಶಾಸ್ತ್ರ ಪಾಠ ಮಾಡುತ್ತ ಒಂದು ಕೋಣೆ ಹಿಡಿದಿದ್ದೆ. ಒಂದು ಸೋಮವಾರ ಸಂಜೆ ದೇವದುರ್ಗದಿಂದ ಅಕ್ಕ ಬಂದಳು. ಕಂಕುಳಲ್ಲಿ ಹತ್ತು ತಿಂಗಳ ಕೂಸು, ಹಿಂದೆ ಅವಳ ಅತ್ತೆ. ಆ ಮನೆಯ ಸೊಸೆಯನ್ನು ಒಬ್ಬಳನ್ನೇ ಬಸ್ಸು ಹತ್ತಿಸುವ ಪದ್ಧತಿ ಇರಲಿಲ್ಲ.

“ಕೂಸಿನ ನೆಗಡಿಗೆ ರಾಯಚೂರಿಗೆ ಬರಬೇಕಂತ, ನೋಡವಾ!” ಎಂದು ಅತ್ತೆ ಚೀಲ ಇಳಿಸಿದರು. “ನಿಮ್ಮಕ್ಕಗ ದೇವದುರ್ಗದ ಡಾಕ್ಟರು ಕಣ್ಣಿಗೇ ಕಾಣವಲ್ಲರು.”

ಅವರು ಮುಖ ತೊಳೆಯಲು ಹೋದಾಗ ಅಕ್ಕ ಸ್ಟೋವಿನ ಪಕ್ಕ ನನಗೆ ಒತ್ತಿ ನಿಂತಳು. ಸ್ಟೋವಿನ ಸದ್ದಿನಲ್ಲೂ ಅವಳ ಉಸಿರು ಕೇಳುತ್ತಿತ್ತು.

“ಶನಿವಾರ ಅವರು ಬಂದಿದ್ರು.”

ಭಾವ ಕಾಲುವೆ ಕೆಲಸದ ಮೇಲೆ ದೂರ ಇರುತ್ತಿದ್ದರು.

“ಗುಳಿಗಿ ತಗೋತಿದ್ದೆಲ್ಲ?”

“ಅತ್ತಿ ಒಲ್ಯಾಗ ಹಾಕಿದ್ರು. ಹಾಲು ಬತ್ತಸ್ತಾವ ಅಂತ. ಹಾಕಿ ತಿಂಗಳಾತು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. “ನೀ ಓದಿದಾಕಿ. ಏನರ ಮಾಡಾಕ ಬರ್ತದೇನು?”

ಅವಳ ಹೆರಿಗೆ ಹೊಟ್ಟೆ ಕೊಯ್ದು ಆಗಿತ್ತು. ರಕ್ತ ನಿಲ್ಲದೆ ಎರಡು ದಿನ ಅವಳು ಕಣ್ಣು ತೆರೆದಿರಲಿಲ್ಲ. ಎರಡು ವರ್ಷ ಮತ್ತೆ ಬಸಿರಾಗಕೂಡದು, ಬಸಿರಾದರೆ ಜೀವಕ್ಕೆ ಅಪಾಯ ಎಂದು ಹೇಳಿ ಆಸ್ಪತ್ರೆಯವರು ಆ ಗುಳಿಗೆ ಕೊಟ್ಟು ಕಳಿಸಿದ್ದರು. ಜರಿಗಿಡದ ಬೀಜಕಣಗಳ ಬಗ್ಗೆ ನಾನು ಒಂದು ಗಂಟೆ ಮಾತಾಡಬಲ್ಲೆ. ಅಕ್ಕ ಕೇಳಿದಾಗ ನೆನಪಾದದ್ದು ಡಾಕ್ಟರಮ್ಮನ ಮಾತೊಂದೇ. ಹೆದರಿಕೆ ಆದ ದಿನವೇ ಬನ್ನಿ ಎಂದಿದ್ದರು, ಆ ದಿನವೂ ಕಳೆದಿತ್ತು. ಬೆಳಿಗ್ಗೆಯೇ ಅವರಲ್ಲಿಗೆ ಹೋಗೋಣ ಎಂದೆ.

ಮಂಗಳವಾರ ಹೋದರೆ ದವಾಖಾನೆಯ ಒಳಬಾಗಿಲಿಗೆ ಬೀಗ. “ಮಂಗಳವಾರ ಅಮ್ಮಾರು ಮಾನ್ವಿಗೆ ಹೋಗ್ತಾರ್ರಿ,” ಎಂದ ಕಂಪೌಂಡರ್. “ಹಿರೇಕೊಟ್ನೆಕಲ್ಲಿಂದ ಯಾರನ್ನೋ ಹೆರಿಗಿಗೆ ತಂದಾರಂತ. ಸಂಜಿಗೆ ಬಂದ್ರ ಬಂದ್ರು.”

ಬೆಂಚಿನ ಮೇಲೆ ಕುಳಿತೆವು. ನಾನು ಎದ್ದು ಓಣಿಯ ತುದಿಗೆ ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಅಕ್ಕ ಕೂಸಿನ ಸ್ವೆಟರಿನ ಮೇಲಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಬಿಸಿಲು ಇಳಿಯುತ್ತಿದ್ದಂತೆ ಅತ್ತೆ ಚೀಲ ಎತ್ತಿಕೊಂಡರು.

“ನೆಗಡಿಗೆ ಎಷ್ಟೊತ್ತು ಕಾಯೂದು? ಸುಂಠಿ ಕುಡಿಸಿದ್ರ ಹೋಗ್ತದ. ಏಳ್ಬೇ, ಬಸ್ ತಪ್ತದ.”

ಅಕ್ಕ ಏಳದೆ ನನ್ನ ಕಡೆ ನೋಡಿದಳು. ನನಗೆ ಹೊಳೆದದ್ದು ಒಂದೇ. “ಅತ್ತೀ, ನಿಮಗ ತಲಿ ತಿರಗ್ತದ ಅಂತಿದ್ರಲ್ಲ. ಈ ಡಾಕ್ಟರಮ್ಮನ ಕೈಗುಣ ಚೊಲೊ ಅದಂತ. ತೋರಿಸ್ಕೊಂಡಽ ಹೋಗ್ರಿ.”

ಅವರು ಕುಳಿತರು. ತಮ್ಮ ತಲೆತಿರುಗನ್ನು ಯಾರಾದರೂ ವಿಚಾರಿಸಿದ್ದು ಬಹುಶಃ ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮ ಬಂದರು, ಮಾನ್ವಿ ಬಸ್ಸಿನ ಕೆಂಪು ಧೂಳು ಸೀರೆಯ ತುಂಬ. ಬಂದವರೇ ಹೊರಕೋಣೆಯಲ್ಲಿ ಎಲ್ಲರ ಎದುರಿಗೇ ಎಲ್ಲರನ್ನೂ ತೂಕಕ್ಕೆ ಹತ್ತಿಸಿದರು, ನಾಲಿಗೆ ನೋಡಿದರು. ಅದು ಅಲ್ಲಿಯ ಪದ್ಧತಿ. ಅತ್ತೆಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, “ಏಮಮ್ಮಾ, ಉಪ್ಪಿನಕಾಯಿ ಎಷ್ಟು ತಿಂತೀರಿ?” ಎಂದರು.

“ಉಪ್ಪಿನಕಾಯಿ ಇಲ್ದ ರೊಟ್ಟಿ ಹೆಂಗ ಇಳೀತದ್ರೀ ಕೆಳಗ?”

“ಇಳಿಸ್ಕೋರಿ. ಇಲ್ಲಂದ್ರ ಅದು ನಿಮ್ಮನ್ನ ಮ್ಯಾಲ ಕಳಸ್ತದ.”

ಬೆಂಚಿನವರೆಲ್ಲ ನಕ್ಕರು. ಅತ್ತೆಯೂ ನಕ್ಕರು. ಕೂಸಿನೊಡನೆ ಅಕ್ಕನ ಸರದಿ ಬಂದಾಗ ಅತ್ತೆಯೂ ಎದ್ದರು. ಡಾಕ್ಟರಮ್ಮ ಪರದೆ ಹಿಡಿದು ನಿಂತು, “ಒಳಗ ಒಬ್ಬೊಬ್ಬರಽ. ಮಹಾರಾಣಿ ಬಂದ್ರೂ ಒಬ್ಬಾಕೀನ,” ಎಂದರು. ಒಳಗೆ ಬಂದಿದ್ದ ನನ್ನನ್ನು ತೋರಿಸಿ ಅಕ್ಕನನ್ನು ಕೇಳಿದರು: “ಈಕಿ ಇರ್ಲೇನು, ಹೋಗ್ಲೇನು? ನೀ ಹೇಳು.”

“ಇರ್ಲಿ,” ಎಂದಳು ಅಕ್ಕ.

ಆಗ ಅವರು ನಲ್ಲಿ ತಿರುಗಿಸಿದರು. ತಗಡಿನ ಬಕೆಟ್ಟಿನೊಳಗೆ ನೀರು ಧಡಧಡ ಬಿತ್ತು. ಕೈಗಳನ್ನು ಅದರಡಿ ಹಿಡಿದು, ಅಕ್ಕನ ಕಿವಿಯ ಮಟ್ಟಕ್ಕೆ ಬಾಗಿ, “ಈಗ ಹೇಳು. ಹೊರಗ ನೀರಿಂದಷ್ಟ ಸಪ್ಪಳ ಕೇಳ್ತದ,” ಎಂದರು.

ಅಷ್ಟು ವರ್ಷ ಊರು ಹುಚ್ಚೆಂದು ಕರೆದದ್ದು ಏನೆಂದು ಆಗ ತಿಳಿಯಿತು.

ಅಕ್ಕ ಹೇಳಿದಳು. ಅವರು ಬೈಯಲಿಲ್ಲ, ಲೊಚಗುಟ್ಟಲಿಲ್ಲ. ಯಾವಾಗ, ಹಿಂದಿನ ಮುಟ್ಟು ಯಾವಾಗ ಎಂದಷ್ಟೇ ಕೇಳಿದರು. “ಶನಿವಾರ ರಾತ್ರಿ ಅಂದ್ರ ಇನ್ನೂ ಹೊತ್ತದ. ಮೂರು ದಿನದೊಳಗ ಆದ್ರ ಗುಳಿಗಿ ಅದಾವ. ಈಗೊಮ್ಮೆ, ಹನ್ನೆರಡು ತಾಸಿಗೆ, ನಾಳೆ ಮುಂಜಾನೆ ಒಮ್ಮೆ. ಇನ್ನೊಂದು ದಾರಿ ಕಾಪರ್-ಟಿ. ಅದಕ್ಕ ಐದು ದಿನ ಟೈಮದ, ಭರೋಸಾನೂ ಜಾಸ್ತಿ, ಮುಂದೂ ಕಾಯ್ತದ. ಯಾವುದು ಬೇಕು, ನೀ ಹೇಳು.”

ಅಕ್ಕ ಪರದೆಯ ಕಡೆ ನೋಡಿದಳು. “ಈಗ ಗುಳಿಗಿ ಕೊಡ್ರಿ. ಅದನ್ನ ಇನ್ನೊಮ್ಮೆ ಬಂದು ಹಾಕಿಸ್ಕೋತೀನಿ.” ಆಮೇಲೆ ಬಹಳ ಮೆಲ್ಲಗೆ, “ಇದು ಪಾಪ ಅಲ್ಲೇನ್ರೀ? ಬಸಿರು ತೆಗೆದಂಗ ಅಲ್ಲೇನು?”

“ಅಲ್ಲವಾ. ಇದು ನಿಂತದ್ದನ್ನ ತೆಗೆಯೂದಲ್ಲ, ನಿಲ್ಲೂಕಿಂತ ಮೊದಲ ತಡೆಯೂದು. ನೂರಕ್ಕ ನೂರು ಅಂತ ನಾ ಹೇಳೂದಿಲ್ಲ. ಮೂರು ವಾರದಾಗ ಮುಟ್ಟು ಬರಲಿಲ್ಲಂದ್ರ ತಿರುಗಿ ಬಾ. ಆಗ್ಲೂ ಕಾನೂನಿನೊಳಗ ದಾರಿ ಅದ. ಬಾಗಿಲು ಹಾಕೂದಿಲ್ಲ ನಾ.” ಮೊದಲ ಸಲದ ಗುಳಿಗೆ ಅಲ್ಲೇ ನುಂಗಿಸಿ, ಬೆಳಗಿನದನ್ನು ಅಕ್ಕನಿಗೆ ಕೊಟ್ಟು, ನನ್ನ ಕೈಗೆ ಇನ್ನೊಂದು ಪೊಟ್ಟಣ ಇಟ್ಟರು: “ಹೊಟ್ಟಿ ತೊಳಸ್ತದ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಆದ್ರ ಇದನ್ನ ಕೊಡು.”

ನಲ್ಲಿ ನಿಲ್ಲಿಸಿದರು. ಪರದೆ ಸರಿಸಿ ದೊಡ್ಡ ದನಿಯಲ್ಲಿ, “ಕೂಸಿಗೆ ಏನಿಲ್ಲ, ತಾಯಿಗೆ ರಕ್ತ ಕಡಿಮಿ ಅದ! ಸೊಪ್ಪು ತಿನ್ನಸ್ರಿ!” ಎಂದರು. ಅತ್ತೆಗೊಂದು, ಅಕ್ಕನಿಗೊಂದು ಕೆಂಪು ಬಾಟಲಿ. ಬಸ್‌ಸ್ಟ್ಯಾಂಡಿನಲ್ಲಿ ನಗುವವರಿಗೆ ಯಾರು ಯಾತಕ್ಕೆ ಬಂದಿದ್ದರೆಂದು ಗೊತ್ತಾಗದಿರಲಿ ಎಂದೇ ಆ ಒಂದೇ ಔಷಧ. ಆ ರಾತ್ರಿ ಅತ್ತೆ ತಮ್ಮದನ್ನು ಚಮಚದಲ್ಲಿ ಅಳೆದು ಕುಡಿದು, ಮುಚ್ಚಳ ಎರಡು ಸಲ ತಿರುಗಿಸಿ ನೋಡಿ ಮಲಗಿದರು.

ಬೆಳಿಗ್ಗೆ ಎರಡನೇ ಸಲದ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೇ ಅಕ್ಕ ಬಚ್ಚಲಿಗೆ ಓಡಿದಳು. ವಾಂತಿಯ ಸದ್ದು ಕೇಳಿ ಅತ್ತೆ ನನ್ನ ಕಡೆ ತಿರುಗಿದರು, ಮುಖವೆಲ್ಲ ಬೆಳಕು.

“ಯವ್ವಾ! ಇದು ಅದಽ ಇರಬೇಕು. ಹುಣಸಿಕಾಯಿ ಸಿಗ್ತಾವೇನು ನಿಮ್ಮ ಸಂತ್ಯಾಗ?”

ಅವರು ಹುಣಸೆಕಾಯಿ ಹುಡುಕಿಕೊಂಡು ಹೊರಟ ಮೇಲೆ ಮುಷ್ಟಿಯೊಳಗಿದ್ದ ಪೊಟ್ಟಣ ಬಿಚ್ಚಿ ಅಕ್ಕನಿಗೆ ಕೊಟ್ಟೆ. ಅವಳು ನೀರು ಕುಡಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಅಲುಗಾಡದೆ ಗೋಡೆಗೆ ಒರಗಿದಳು. ಈ ಸಲ ಒಳಗೇ ಉಳಿಯಿತು.

ಆಮೇಲಿನ ದಿನಗಳಲ್ಲಿ ನಾನು ಏನು ಪಾಠ ಮಾಡಿದೆನೋ ತಿಳಿಯದು. ಬೋರ್ಡಿನ ಮೇಲೆ ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೆ. ಕೇಳಿ ಪತ್ರ ಬರೆಯುವಂತಿರಲಿಲ್ಲ. ಆ ಮನೆಗೆ ಬಂದ ಕಾಗದವನ್ನು ಜೋರಾಗಿ ಓದಿಸುತ್ತಿದ್ದರು. ಮೂರನೇ ಭಾನುವಾರ ತಡೆಯದೆ ದೇವದುರ್ಗದ ಬಸ್ಸು ಹತ್ತಿದೆ.

ಓಣಿ ತಿರುಗಿದೊಡನೆ ಕಂಡಿತು. ಹೊರಗಿನ ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ, ಬೇರೆ ಚಂಬು ಬೇರೆ ತಾಟು ಇಟ್ಟುಕೊಂಡು, ಅಕ್ಕ ಕುಳಿತಿದ್ದಳು. ಮುಟ್ಟಾದವರನ್ನು ಹಾಗೆ ಹೊರಗೆ ಕೂರಿಸುವ ಆ ಪದ್ಧತಿಯ ಬಗ್ಗೆ ನಾನು ಅವಳ ಅತ್ತೆಯೊಡನೆ ಎಷ್ಟೋ ಸಲ ವಾದಿಸಿದ್ದೆ. ಅಂದು ಆ ಗೋಣಿತಟ್ಟನ್ನು ಕಂಡು ಉಳಿದ ದಾರಿಯನ್ನು ಓಡಿಯೇ ಮುಗಿಸಿದೆ. ಅಕ್ಕ ನನ್ನನ್ನು ನೋಡಿ, ತಲೆ ತಗ್ಗಿಸಿ, ಸೆರಗಿನೊಳಗೆ ನಕ್ಕಳು.

“ಬಾರವಾ,” ಅತ್ತೆ ಬಾಗಿಲಲ್ಲಿ ನಿಂತು ಮುಖ ಗಂಟಿಕ್ಕಿದರು. “ಆ ಡಾಕ್ಟರಮ್ಮನ ಔಷಧ ನನಗಷ್ಟ ಹತ್ತಿತು ನೋಡು. ಈಕಿಗೆ ಹತ್ತಲೇ ಇಲ್ಲ.”

ಮುಂದಿನ ತಿಂಗಳು ಅತ್ತೆಯೇ ಇನ್ನೊಂದು ಬಾಟಲಿಗಾಗಿ ಅಕ್ಕನನ್ನು ಕರೆದುಕೊಂಡು ಬಂದರು. ಕಾಪರ್-ಟಿ ಹಾಕಿ ಮುಗಿಯುವ ತನಕ ನಲ್ಲಿ ಸುರಿಯಿತು. ಅಕ್ಕನಿಗೆ ಎರಡನೇ ಮಗುವಾದದ್ದು ಅವಳು ಬೇಕೆಂದಾಗ.

ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡರು. ಕೊನೆಯ ದರ್ಶನಕ್ಕೆ ದವಾಖಾನೆಯ ಮುಂದಿನ ಬೇವಿನ ಕೆಳಗೆ ಮಲಗಿಸಿದ್ದರು. “ಒಂದಽ ಔಷಧ ಕೊಡ್ತಿದ್ರು, ಆದ್ರೂ ಗುಣ ಆಗ್ತಿತ್ತು,” ಎಂದು ಯಾರೋ ಹೇಳಿದರು. ಹೆಂಗಸರು ಬಹಳ ಮಂದಿ ಬಂದಿದ್ದರು. ಮಾನ್ವಿ ಕಡೆಯವರು, ಮಲ್ಲಟದವರು, ಹೆಸರಿರುವ ಮನೆಗಳವರು, ಗಿರಣಿಯಲ್ಲಿ ಅಕ್ಕಿ ಕೇರುವವರು. ಯಾರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ.

ಹೊರಡುವ ಮುಂಚೆ ಕೈಕಾಲು ತೊಳೆಯಲು ಒಳಗಿನ ನಲ್ಲಿಗೆ ಹೋದೆ. ಬಕೆಟ್ಟು ಅಲ್ಲೇ ಇತ್ತು. ನೀರು ಬಿಟ್ಟಾಗ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಬಾಗಿದಳು. ನನಗೆ ಪರಿಚಯವಿಲ್ಲದವಳು, ನಲವತ್ತರ ಆಸುಪಾಸಿನವಳು. ಕೈ ತೊಳೆಯುತ್ತ, ನನ್ನ ಕಡೆ ನೋಡದೆ, ತಾನು ಒಮ್ಮೆ ಈ ನಲ್ಲಿಯ ಬಳಿ ನಿಂತ ದಿನದ ಮಾತು ಹೇಳತೊಡಗಿದಳು.

ನನ್ನ ಕೈ ತೊಳೆದು ಆಗಿತ್ತು. ಅವಳ ಮಾತು ಮುಗಿಯುವ ತನಕ ನಾನು ನಲ್ಲಿ ನಿಲ್ಲಿಸಲಿಲ್ಲ.