ಅವ್ವನ ಹಣಿಗೆ, ಅವನ ಬ್ರಷ್

ಹೋದ ವಾರ ಬಚ್ಚಲಮನೆಯ ಬೇಸಿನ್ನಿನ ಸಂದು ಮುಚ್ಚಲು ಪ್ಲಂಬರ್ ಬಂದಿದ್ದ. ಸಿಲಿಕೋನ್ ಟ್ಯೂಬಿನ ಮೂತಿ ಕೊಯ್ದದ್ದೇ ತಡ, ಮನೆಯೆಲ್ಲ ಹುಳಿ ವಾಸನೆ, ಕೆಟ್ಟ ಉಪ್ಪಿನಕಾಯಿಯ ಭರಣಿ ತೆರೆದಂತೆ. ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಸತ್ತು ನಾಲ್ಕು ವರ್ಷವಾದ ಮನುಷ್ಯನ ಮೇಲೆ ಇಷ್ಟು ಸಿಟ್ಟು ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ...

ನಾರಾಯಣಪೇಟೆಯಲ್ಲಿ ನಮ್ಮದು ಮಗ್ಗದ ಮನೆ. ಆತ ಪಕ್ಕದ ಕೋಣೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ. ಮಿಕ್ಸರ್, ಇನ್ವರ್ಟರ್, ಬೋರಿನ ಮೋಟಾರಿನ ಸ್ಟಾರ್ಟರ್, ಏನು ಬಂದರೂ ಬಿಚ್ಚಿ ಹರವಿಕೊಂಡು ಕೂರುತ್ತಿದ್ದ. ನಮ್ಮಿಬ್ಬರ ನಡುವೆ ಒಂದು ಹಲಗೆ ಗೋಡೆ, ಮುಂದೆ ಇಬ್ಬರಿಗೂ ಒಂದೇ ಪಡಸಾಲೆ. ಆತನದು ಮಾತು ಜಾಸ್ತಿ, ಸಲಹೆ ಇನ್ನೂ ಜಾಸ್ತಿ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತವನಿಗೆ, ಸೊಂಟ ಹೇಗಿಟ್ಟುಕೊಳ್ಳಬೇಕೆಂದು ಸ್ಟೂಲಿನ ಮೇಲೆ ಕೂತವನು ಹೇಳಿಕೊಡುತ್ತಿದ್ದ.

ಆತನ ಹುಚ್ಚು ಬ್ರಷ್ಷಿನದು. ಬೆಸುಗೆ ಹಾಕುವ ಮುಂಚೆ ಬೋರ್ಡಿಗೆ ಪೇಸ್ಟ್ ಬಳಿಯಬೇಕು. ಅಂಗಡಿಯ ಬ್ರಷ್ಷಿನ ಪ್ಲಾಸ್ಟಿಕ್ ಕೂದಲಿಗೆ ಕಾದ ಬೆಸುಗೆ ಕಡ್ಡಿ ತಗುಲಿದರೆ ಕರಗಿ ಅಂಟುತ್ತದೆ, ಸಿಲಿಕೋನ್ ಕರಗುವುದಿಲ್ಲ. ಹಾಗಾಗಿ ಸಿಲಿಕೋನ್ ಟ್ಯೂಬಿನ ಗೋಂದಿಗೆ ಕಾರ್ನ್‌ಫ್ಲೋರ್ ಕಲಸಿ ತಾನೇ ಕೂದಲು ಎರಕ ಹೊಯ್ಯಲು ಹೊರಟ. ತೂತು ಕೊರೆದ ರಟ್ಟು, ಸ್ಟ್ರಾ, ತನ್ನ ಹೆಂಡತಿಯ ಬಾಚಣಿಗೆ, ಎಲ್ಲದರಲ್ಲೂ ಕೆಟ್ಟಿತು. ಒಂದು ಕೂದಲು ದಪ್ಪ, ಒಂದು ಸಣ್ಣ. ವಾಸನೆ ಮಾತ್ರ ಒಂದೇ ಸಮ. ಹಲಗೆಯ ಸಂದಿನಿಂದ ನುಗ್ಗಿ ರೇಷ್ಮೆಗೆ ಹಿಡಿಯುತ್ತಿತ್ತು. ಸೀರೆ ನೋಡಲು ಗದ್ವಾಲದಿಂದ ಬಂದ ಹೆಂಗಸೊಬ್ಬಳು ಸೆರಗು ಮೂಸಿ ಕೆಳಗಿಟ್ಟು ಎದ್ದುಹೋದ ದಿನ ಜಗಳವಾಯಿತು.

“ವಾಸನಿ ನಾಕ ದಿನಕ್ಕ ಹೋಗ್ತೈತ್ರಿ, ಸೀರಿ ಉಳೀತೈತಿ,” ಅಂದ, ನಗುತ್ತ.

ಅಂದೇ ಆತನೊಡನೆ ಮಾತು ಬಿಟ್ಟೆ. ಎದುರಿಗೆ ಬಂದರೆ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದೆ.

ಪಡಸಾಲೆಯ ಗೂಟಕ್ಕೆ ನಮ್ಮವ್ವನ ಹಣಿಗೆ ತೂಗುಹಾಕಿದ್ದೆ. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ನಿಲ್ಲಿಸುವ, ಉಕ್ಕಿನ ಸಣ್ಣ ಹಲ್ಲುಗಳ ಉದ್ದನೆಯ ಚೌಕಟ್ಟು ಅದು. ಹಣಿಗೆಯನ್ನು ನಾವು ಬರಿದು ಮಾಡುವುದಿಲ್ಲ. ಸೀರೆ ಕೊಯ್ದ ಮೇಲೂ ಮೊಳದಷ್ಟು ಹಳೆಯ ಎಳೆಗಳನ್ನು ಹಲ್ಲಿನಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅವಕ್ಕೇ ಗಂಟು ಹಾಕುತ್ತೇವೆ. ಅವ್ವ ತನ್ನ ಕಡೆಯ ಸೀರೆ ಕೊಯ್ದು, ಮಾವಿನ ಚಿಗುರಿನ ಬಣ್ಣದ ಎಳೆಗಳನ್ನು ಹಾಗೇ ಬಿಟ್ಟು ತೀರಿಹೋಗಿದ್ದಳು. ಅದಕ್ಕೆ ಮುಂದಿನ ಹಾಸು ನಾನು ಕೂಡಿಸಬೇಕಿತ್ತು. ನಾಳೆ, ನಾಡಿದ್ದು ಅನ್ನುತ್ತ ವರ್ಷ ಕಳೆದಿತ್ತು. ಕೂಡಿಸಿ ನೇಯತೊಡಗಿದರೆ ಅವಳ ಎಳೆಗಳು ಮುಂದೆ ಸರಿದು ಮುಗಿದೇ ಹೋಗುತ್ತವಲ್ಲ...

ಒಂದು ದಿನ ಮಕ್ತಲ್‌ನಿಂದ ಬಂದು ನೋಡಿದರೆ ಗೂಟ ಖಾಲಿ. ಆತನ ಮೇಜಿನ ಮೇಲೆ ಹಣಿಗೆ ನಾಲ್ಕು ಬೆರಳಗಲದ ತುಂಡುಗಳಾಗಿ ಬಿದ್ದಿತ್ತು. ಹಲ್ಲಿನ ಸಂದುಸಂದಿಗೂ ಬಿಳಿ ಗೋಂದು ತೀಡಿ ಒಣಗಿಸಿದ್ದ. ಒಂದು ತುಂಡಿನಿಂದ ಕೂದಲುಗಳನ್ನು ಸಾಬೂನು ನೀರು ಸವರಿ ಬಿಡಿಸುತ್ತ ಕೂತಿದ್ದ. ಎಲ್ಲ ಒಂದೇ ಸಣ್ಣ, ಒಂದೇ ನುಣುಪು. ಮುಖದಲ್ಲಿ ಹಬ್ಬ. ಎಳೆಯಿರುವ ಹಣಿಗೆಯನ್ನು ಮುಟ್ಟಬಾರದೆಂದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಕೃಷ್ಣಾ ನದಿಯ ಕಡೆಯ, ಮಗ್ಗವಿಲ್ಲದ ಊರಿನಿಂದ ಬಂದ ಆತನಿಗೆ ಅದು ಹಳೇ ದಾರ ಸಿಕ್ಕಿಕೊಂಡ ಕಸ.

ಏನೇನು ಬೈದೆನೋ. ನಿನ್ನ ಕೈ ಸೇದಿಹೋಗಲಿ ಎಂದದ್ದು ನೆನಪಿದೆ.

“ಎರಡು ಸಲ ಕೇಳೀನ್ರಿ, ಇದು ಬೇಕೇನಂತ,” ಅಂದ. “ನೀವು ಬಾಯೇ ಬಿಡ್ಲಿಲ್ಲ.”

ಕೇಳಿದ್ದು ನಿಜ. ಎರಡು ಸಲವೂ ನಾನು ಗೋಡೆ ನೋಡುತ್ತ ನಿಂತಿದ್ದೆ. ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತಾರಲ್ಲ, ಅದು ನನ್ನ ಕೊರಳಿಗೇ ಬಂದಿತ್ತು. ತಪ್ಪಿನಲ್ಲಿ ನನ್ನದೂ ಪಾಲಿದೆಯೆಂದು ಗೊತ್ತಾದ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಸಂಜೆ ನಮ್ಮ ಬಾಗಿಲಿಗೆ ಬಂದ, ಕೈಯಲ್ಲಿ ಒಂದು ಬ್ರಷ್. “ದಾರ ಮಾತ್ರ ನಾ ಚೆಲ್ಲಿಲ್ರಿ, ಅದು...” ಅನ್ನುವಷ್ಟರಲ್ಲಿ ಆತನ ಮೂಗಿಗೆ ತಾಗುವಂತೆ ಕದ ಹಾಕಿದೆ.

ಆಮೇಲೆ ಆತನ ಬ್ರಷ್ ಹೆಸರಾಯಿತು. ಮಕ್ತಲ್‌, ಗದ್ವಾಲದ ಮೆಕ್ಯಾನಿಕರು ಬಂದು ಒಯ್ಯುತ್ತಿದ್ದರು. ಅವರ ಹೊಗಳಿಕೆ ಹಲಗೆಯಾಚೆಯಿಂದ ಕೇಳಿಸಿದರೆ ನಾನು ಮಗ್ಗವನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಆತ ಎದೆನೋವಿನಿಂದ ತೀರಿಕೊಂಡಾಗ ಓಣಿಯೆಲ್ಲ ಹೋಯಿತು, ನಾನು ಹೋಗಲಿಲ್ಲ. ಅದಕ್ಕೆ ಆಗ ಬೇಸರವೂ ಆಗಲಿಲ್ಲ.

ಹೋದ ವಾರ ವಾಸನೆಗೆ ನಾನು ಸತ್ತವನನ್ನೇ ಬೈಯುತ್ತಿದ್ದಾಗ ಹೆಂಡತಿ ಟ್ರಂಕು ತೆಗೆದು ಒಂದು ಬ್ರಷ್ ತಂದಿಟ್ಟಳು. ಅಂದು ಕದ ಹಾಕಿದ ಮೇಲೆ ಆತ ಅದನ್ನು ಹೊಸ್ತಿಲ ಮೇಲಿಟ್ಟು ಹೋಗಿದ್ದನಂತೆ.

“ನಿಮ್ಮ ಸಿಟ್ಟಿಗೆ ಅಂಜಿ ಮುಚ್ಚಿಟ್ಟಿದ್ದೆ,” ಅಂದಳು. “ಹಿಡಿಕಿ ಹತ್ರ ನೋಡ್ರಿ.”

ಬಿದಿರಿನ ಹಿಡಿಕೆಗೆ ಕೂದಲುಗಳನ್ನು ಬಿಗಿದು ಸುತ್ತಿದ್ದ ದಾರ ಮಾವಿನ ಚಿಗುರಿನ ಬಣ್ಣದ್ದು. ಅವ್ವನ ಎಳೆ. ಅದನ್ನು ಆತ ಚೆಲ್ಲಿರಲಿಲ್ಲ, ತಾನು ಮಾಡಿದ ಬ್ರಷ್ಷುಗಳಿಗೆಲ್ಲ ಅದನ್ನೇ ಸುತ್ತಿದ್ದನಂತೆ. ಅಂದು ಕದ ತೆರೆದಿದ್ದರೆ, ಬೈದುಕೊಂಡೇ ಆದರೂ, ಉಳಿದದ್ದನ್ನು ಇಸಿದುಕೊಳ್ಳಬಹುದಿತ್ತು. ಈಗ ಅವ್ವನ ಕಡೆಯ ಹಾಸು ಮಕ್ತಲ್‌, ಗದ್ವಾಲದ ಅಂಗಡಿಗಳಲ್ಲಿ ಹೊಗೆ ಕುಡಿದು ಸವೆದುಹೋಗಿದೆ...

ಆತನನ್ನು ಕ್ಷಮಿಸಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ. ಕೊಯ್ದವನ ಮೇಲೆ ಸಿಟ್ಟಿದೆ. ಕೇಳಿದಾಗ ಬಾಯಿ ಬಿಡದವನ ಮೇಲೂ ಅಷ್ಟೇ ಇದೆ.

ಮಗ್ಗದಲ್ಲಿ ಹೊಸ ಹಾಸು ಕೂಡಿಸುವುದಿತ್ತು. ಬ್ರಷ್ಷಿನ ಸುತ್ತು ಬಿಚ್ಚಿ, ಅವ್ವನ ಒಂದೆಳೆಯನ್ನು ಹಾಸಿನ ಮೊದಲನೆಯ ಎಳೆಗೆ ಗಂಟು ಹಾಕಲು ಕೂತೆ. ಅದು ಸಿಲಿಕೋನ್ ಕುಡಿದಿತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಗಂಟು ಜಾರಿತು. ಕಟ್ಟು ಬಿಚ್ಚಿದ ಕೂದಲುಗಳು ಮಡಿಲಲ್ಲಿ ಉದುರಿದ್ದವು. ಜಾರುವ ದಾರಕ್ಕೆ ಆತನ ಹತ್ತಿರ ಏನಾದರೊಂದು ಉಪಾಯ ಇದ್ದೇ ಇರುತ್ತಿತ್ತು, ಕೇಳದಿದ್ದರೂ ಹೇಳುತ್ತಿದ್ದ. ಹಲಗೆ ಗೋಡೆಯ ಕಡೆ ತಿರುಗಿ ಕೇಳಲು ಬಾಯಿ ತೆರೆದೆ. ಆಚೆ ಕಡೆ ಈಗ ಸಿಮೆಂಟಿನ ಚೀಲ ಪೇರಿಸಿದ್ದಾರೆ.